ರಂಗನತಿಟ್ಟಿಗೆ ಯಾವ ತಿಂಗಳು ಹೋದರೆ ಹಕ್ಕಿಗಳು ಚೆನ್ನಾಗಿ ಕಾಣುತ್ತವೆ?

ಜನವರಿಯಿಂದ ಏಪ್ರಿಲ್ ಒಳಗೆ ಹೋಗಿ. ಆಗ ಗೂಡು ಕಟ್ಟುವ, ಮರಿ ಸಾಕುವ ಕಾಲ. ಬಣ್ಣದ ಕೊಕ್ಕರೆ, ಚಮಚದ ಕೊಕ್ಕಿನ ಹಕ್ಕಿ, ಹೆಜ್ಜಾರ್ಲೆ (ಪೆಲಿಕನ್) ಎಲ್ಲವೂ ಕಾವೇರಿ ನಡುವಿನ ದ್ವೀಪಗಳ ಮರಗಳಲ್ಲಿ ಒತ್ತೊತ್ತಾಗಿ ಕೂತಿರುತ್ತವೆ. ಸದ್ದು, ವಾಸನೆ ಎರಡೂ ಜೋರು, ಹೇಳಿಬಿಡುತ್ತೇನೆ!

ಮಳೆಗಾಲದಲ್ಲಿ ಹೋಗುವುದಾದರೆ ಮೊದಲು ವಿಚಾರಿಸಿ. ಕೆಆರ್‌ಎಸ್‌ನಿಂದ ನೀರು ಜಾಸ್ತಿ ಬಿಟ್ಟಾಗ ಈ ದ್ವೀಪಗಳು ಮುಳುಗುತ್ತವೆ, ದೋಣಿ ನಿಲ್ಲಿಸುತ್ತಾರೆ. ದೋಣಿ ಇಲ್ಲದೆ ಅಲ್ಲಿಗೆ ಹೋಗಿ ಬರುವುದು ಅರ್ಧ ಮಜಾ ಅಷ್ಟೇ.

ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತಿಗೆ ಅಲ್ಲಿರಿ. ಮಧ್ಯಾಹ್ನ ಬಿಸಿಲೂ ಇರುತ್ತದೆ, ಭಾನುವಾರವಾದರೆ ಜನರ ಗಲಾಟೆಯೂ ಇರುತ್ತದೆ. ಬಂಡೆಗಳ ಮೇಲೆ ಮೊಸಳೆ ಬಿದ್ದುಕೊಂಡಿರುತ್ತವೆ. ಆದ್ದರಿಂದ ದೋಣಿಯಿಂದ ಕೈ ಹೊರಗೆ ಚಾಚಬೇಡಿ. ದುರ್ಬೀನು ಇದ್ದರೆ ತನ್ನಿ. ಮೊಬೈಲ್ ಕ್ಯಾಮೆರಾ ಸುಮ್ನೆ ಚುಕ್ಕೆ ತೋರಿಸುತ್ತದೆ.

ಈ ದ್ವೀಪಗಳು ಕಾವೇರಿಗೆ ಅಡ್ಡ ಕಟ್ಟಿದ ಹಳೆಯ ಒಡ್ಡಿನಿಂದ ಆದವು. ಹಕ್ಕಿ ತಜ್ಞ ಸಲೀಂ ಅಲಿ ಅವರು ಮೈಸೂರು ಅರಸರಿಗೆ ಹೇಳಿದ ಮೇಲೆ 1940ರಲ್ಲಿ ಪಕ್ಷಿಧಾಮವಾಯಿತು. 2022ರಲ್ಲಿ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೂ ಸೇರಿತು.

ಸಮಯ ಉಳಿದರೆ ಮದ್ದೂರು ತಾಲ್ಲೂಕಿನ ಕೊಕ್ಕರೆಬೆಳ್ಳೂರಿಗೂ ಹೋಗಿ. ಅಲ್ಲಿ ಬೇಲಿಯೂ ಇಲ್ಲ, ದೋಣಿಯೂ ಇಲ್ಲ. ಮನೆಗಳ ನಡುವಿನ ಹುಣಸೆ ಮರಗಳಲ್ಲೇ ಹೆಜ್ಜಾರ್ಲೆಗಳ ಗೂಡು. ನನ್ನನ್ನು ಕೇಳಿದರೆ ಅದೇ ಹೆಚ್ಚು ಇಷ್ಟ. ಊರಿನವರ ಅಂಗಳ ಅದು, ಫೋಟೊ ತೆಗೆಯುವ ಮುಂಚೆ ಒಂದು ಮಾತು ಕೇಳಿ.