ಕೃಷಿ ರಫ್ತು ಜೋರಾದರೆ ದೇಶದ ತಲಾ ಆದಾಯವೂ ಅಷ್ಟೇ ಏರುತ್ತದಾ?

ಏರುತ್ತದೆ, ಆದರೆ ಅಂದುಕೊಂಡಷ್ಟಲ್ಲ. ಒಟ್ಟು ಆದಾಯ ಬೇರೆ, ಅದನ್ನು ಜನಸಂಖ್ಯೆಯಿಂದ ಭಾಗಿಸಿದಾಗ ಸಿಗುವ ತಲಾ ಆದಾಯ ಬೇರೆ.

ನಮ್ಮ ಮಂಡ್ಯದ ಬೆಲ್ಲಕ್ಕೆ ಹೊರದೇಶದಲ್ಲಿ ಬೇಡಿಕೆ ಕುದುರಿತು ಅಂತಿಟ್ಟುಕೊಳ್ಳಿ. ಆಲೆಮನೆಯ ಕೊಪ್ಪರಿಗೆ ಹಗಲೂ ರಾತ್ರಿ ಕುದಿಯುತ್ತೆ, ಒಲೆಗೆ ಕಬ್ಬಿನ ಸಿಪ್ಪೆ ತುಂಬುವವನಿಗೆ ಒಳ್ಳೆ ಕೂಲಿ. ಆದರೆ ಅವನೇನು ಸುಮ್ಮನೆ ಕೂತಿದ್ದವನಲ್ಲ. ಮೊನ್ನೆವರೆಗೂ ಮೈಸೂರಿನಲ್ಲಿ ಗಾರೆ ಕೆಲಸಕ್ಕೆ ಹೋಗುತ್ತಿದ್ದ. ಹಾಗಾಗಿ ದೇಶಕ್ಕೆ ಹೊಸದಾಗಿ ಸೇರಿದ್ದು ಅವನ ಪೂರ್ತಿ ಕೂಲಿಯಲ್ಲ, ಹಳೆಯದಕ್ಕಿಂತ ಹೆಚ್ಚಿಗೆ ಸಿಕ್ಕಿದ್ದಷ್ಟೇ. ನಿಜವಾದ ಲಾಭ ನಾಲೆ ನೀರು ಹರಿಯುವ ಗದ್ದೆಯದು: ಅಂಥ ಗದ್ದೆಯನ್ನು ಬೇಕೆಂದಾಗ ಹೆಚ್ಚಿಸಲಾಗದು, ಹಾಗಾಗಿ ಅದರ ಗುತ್ತಿಗೆ ದರ ಏರುತ್ತೆ.

ಇದೇ ತರ್ಕ ಹಿಡಿದು ಎಡ್ವರ್ಡ್ ಚೇಂಬರ್ಸ್, ಡೊನಾಲ್ಡ್ ಗಾರ್ಡನ್ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು 1966ರಲ್ಲಿ ಕೆನಡಾದ ಗೋಧಿಯ ಲೆಕ್ಕ ಹಾಕಿದರು. 1901ರಿಂದ 1911ರವರೆಗೆ ಅಲ್ಲಿ ಗೋಧಿ ರಫ್ತಿನ ಸುಗ್ಗಿ. ಆದರೂ ತಲಾ ಆದಾಯದ ಏರಿಕೆಯಲ್ಲಿ ಅದರ ಪಾಲು ಹತ್ತರಲ್ಲಿ ಒಂದೂ ಇಲ್ಲ ಅಂದರು! ಗೋಧಿಯ ಬೆನ್ನಿಗೇ ಬಂದ ರೈಲು, ಬಂಡವಾಳ, ವಲಸೆಗಾರರನ್ನು ಲೆಕ್ಕದಿಂದ ಬಿಟ್ಟರೆ ಹೇಗೆ ಅಂತ ಬೇರೆಯವರು ತಕರಾರು ತೆಗೆದರು. ನನಗೂ ಆ ತಕರಾರು ಸರಿ ಅನಿಸುತ್ತೆ.

ನಮ್ಮಲ್ಲಿ ಇನ್ನೊಂದು ತೊಡಕಿದೆ. 2021-22ರಲ್ಲಿ ಭಾರತದ ಸಕ್ಕರೆ ರಫ್ತು ಸುಮಾರು 110 ಲಕ್ಷ ಟನ್ ಮುಟ್ಟಿತು. ಒಳಗಡೆ ಬೆಲೆ ಏರೀತೆಂದು 2022ರ ಜೂನ್‌ನಿಂದಲೇ ಕೇಂದ್ರ ಕಡಿವಾಣ ಹಾಕಿತು. ಬಾಗಿಲು ಯಾವಾಗ ಮುಚ್ಚುತ್ತೋ ಗೊತ್ತಿಲ್ಲದಿದ್ದರೆ ಹೊಸ ಯಂತ್ರಕ್ಕೆ ದುಡ್ಡು ಹಾಕುವವರು ಯಾರು?