ಟೈಪ್‌ಸ್ಕ್ರಿಪ್ಟ್ ಹಾಕಿದ ಮೇಲೂ 98 ಅಡಿಗೇ ಕಟ್ಟೆ ‘ಭರ್ತಿ’ ಅಂತಿದೆ, ಯಾಕೆ?

ನಿಮ್ಮ ಪ್ರಶ್ನೆ ಇಷ್ಟು: ಮಂಡ್ಯದ ರೈತರಿಗೆಂದು ಕೆಆರ್‌ಎಸ್ ನೀರಿನ ಮಟ್ಟ ತೋರಿಸುವ ಪುಟವನ್ನು ರಿಯಾಕ್ಟ್‌ನಲ್ಲಿ (ವೆಬ್ ಪುಟ ಕಟ್ಟುವ ಜಾವಾಸ್ಕ್ರಿಪ್ಟ್ ಲೈಬ್ರರಿ) ಬರೆದಿದ್ದೀರಿ. ಹಳೆಯ ಜಾವಾಸ್ಕ್ರಿಪ್ಟ್ ಫೈಲುಗಳನ್ನೆಲ್ಲ ಟೈಪ್‌ಸ್ಕ್ರಿಪ್ಟ್‌ಗೆ (ಪ್ರತಿ ಮೌಲ್ಯದ ಬಗೆ, ಅಂದರೆ ಟೈಪ್, ಬರೆಯಬಹುದಾದ ಜಾವಾಸ್ಕ್ರಿಪ್ಟ್) ಬದಲಿಸಿ, ಮಟ್ಟಕ್ಕೆ ‘ನಂಬರ್’ ಎಂದೇ ಟೈಪ್ ಕೊಟ್ಟಿದ್ದೀರಿ. ಆದರೂ 98.50 ಅಡಿ ಇರುವಾಗ ‘ಭರ್ತಿ’ ಎಂದು ಬರುತ್ತಿದೆ, ಎರರ್ ಮಾತ್ರ ಒಂದೂ ಇಲ್ಲ.

ಬ್ರೌಸರ್‌ನ ನೆಟ್‌ವರ್ಕ್ ಟ್ಯಾಬ್ ತೆಗೆದು ಸರ್ವರ್ ಏನು ಕಳಿಸಿದೆ ನೋಡಿ. ಇಂದಿನ ಮಟ್ಟ "98.50", ಕಟ್ಟೆಯ ಗರಿಷ್ಠ ಮಟ್ಟ "124.80" ಎಂದು ಎರಡೂ ಉದ್ಧರಣ ಚಿಹ್ನೆಯೊಳಗೆ ಇದ್ದರೆ ಎರಡೂ ಸ್ಟ್ರಿಂಗ್, ಅಂದರೆ ಸಂಖ್ಯೆಯಲ್ಲ, ಬರೀ ಅಕ್ಷರಗಳ ಸಾಲು. ಜಾವಾಸ್ಕ್ರಿಪ್ಟ್ ಸ್ಟ್ರಿಂಗ್‌ಗಳನ್ನು ಅಕ್ಷರಕ್ಕೆ ಅಕ್ಷರ ಹೋಲಿಸುತ್ತದೆ: 9 ದೊಡ್ಡದು, 1 ಚಿಕ್ಕದು, ಅಲ್ಲಿಗೆ ತೀರ್ಪು ಮುಗೀತು. ಎರಡರಲ್ಲಿ ಒಂದಾದರೂ ನಂಬರ್ ಆಗಿದ್ದರೆ ಇನ್ನೊಂದನ್ನೂ ನಂಬರ್ ಮಾಡಿಕೊಂಡು ಸರಿಯಾಗಿ ಹೋಲಿಸುತ್ತಿತ್ತು. ನೀರು 100 ಅಡಿ ಮುಟ್ಟಿತೋ, ತಪ್ಪು ತಾನಾಗಿ ಮಾಯ. ಹಾಗಾಗಿ ಕಟ್ಟೆ ತುಂಬಿರುವ ದಿನಗಳಲ್ಲಿ ಟೆಸ್ಟ್ ಮಾಡಿದರೆ ಸಿಗುವುದೇ ಇಲ್ಲ.

ಟೈಪ್‌ಸ್ಕ್ರಿಪ್ಟ್ ಯಾಕೆ ಸುಮ್ಮನಿತ್ತು? ಟೈಪ್‌ಗಳೆಲ್ಲ ಬಿಲ್ಡ್ ಆಗುವಾಗಲೇ ಅಳಿಸಿಹೋಗುತ್ತವೆ, ಬ್ರೌಸರ್‌ವರೆಗೆ ಹೋಗುವುದಿಲ್ಲ. ಸರ್ವರ್‌ನಿಂದ ಡೇಟಾ ತರುವ ಫೆಚ್‌ನ ಜೇಸನ್ ಫಂಕ್ಷನ್ ಕೊಡುವುದು ‘ಎನಿ’ (ಏನು ಬೇಕಾದರೂ ಆಗಿರಬಹುದು ಎಂಬ ಟೈಪ್). ಎನಿಯನ್ನು ಯಾವ ಟೈಪ್‌ಗೆ ಹಾಕಿದರೂ ತಕರಾರಿಲ್ಲ. ನೀವು ‘ನಂಬರ್’ ಎಂದು ಬರೆದಿರಿ, ಅದು ನಂಬಿತು. ‘ಇದನ್ನು ಈ ಟೈಪ್ ಎಂದುಕೋ’ ಎನ್ನುವ ‘ಆಸ್’ ಹಾಕಿದರೂ ಇದೇ ಕಥೆ.

ಆದ್ದರಿಂದ ಡೇಟಾ ಒಳಗೆ ಬರುವ ಬಾಗಿಲಲ್ಲೇ ತಪಾಸಣೆ ಇಡಿ. ಬಂದದ್ದನ್ನು ‘ಅನ್‌ನೋನ್’ (ಪರೀಕ್ಷಿಸದೆ ಬಳಸಲು ಬಿಡದ ಟೈಪ್) ಎಂದು ಹಿಡಿದು, ಅದು ಖಾಲಿಯಲ್ಲದ ಸ್ಟ್ರಿಂಗ್ ಹೌದೇ ನೋಡಿ, ಆಮೇಲೆ ನಂಬರ್ ಫಂಕ್ಷನ್‌ಗೆ ಕೊಟ್ಟು, ಕೊನೆಗೆ ಬಂದದ್ದು ನಿಜವಾದ ಸಂಖ್ಯೆಯೇ ಎಂದು ‘ಈಸ್‌ಫೈನೈಟ್’ನಿಂದ ಪರೀಕ್ಷಿಸಿ. ಈ ಕ್ರಮ ಬಿಡಬೇಡಿ: ಖಾಲಿ ಸ್ಟ್ರಿಂಗನ್ನೂ ನಲ್‌ಅನ್ನೂ (‘ಏನೂ ಇಲ್ಲ’ ಎಂಬ ಮೌಲ್ಯ) ನಂಬರ್ ಫಂಕ್ಷನ್ 0 ಮಾಡುತ್ತದೆ, ಸರ್ವರ್ ಒಂದು ದಿನ ಅಂಕಿ ಕೊಡದಿದ್ದರೆ ನಿಮ್ಮ ಪುಟದಲ್ಲಿ ಕನ್ನಂಬಾಡಿ ಕಟ್ಟೆಯೇ ಬತ್ತಿಹೋಗಿರುತ್ತದೆ. ಒಳಹರಿವು, ಹೊರಹರಿವು ಎಂದು ಕ್ಷೇತ್ರಗಳು ಹೆಚ್ಚಿದ್ದರೆ ಡೇಟಾ ಪರೀಕ್ಷಿಸುವ ಝಾಡ್ ಲೈಬ್ರರಿ ಬಳಸಿ. ಡೇಟಾ ಹೇಗಿರಬೇಕೆಂದು ಬರೆದ ಒಂದೇ ಸ್ಕೀಮಾದಿಂದ ತಪಾಸಣೆಯೂ ಟೈಪೂ ಸಿಗುತ್ತವೆ. ಆದರೆ ಸ್ಟ್ರಿಂಗನ್ನು ತಾನೇ ನಂಬರ್ ಮಾಡಿಕೊಳ್ಳುವ ಅದರ ‘ಕೋಅರ್ಸ್’ ಕೂಡ ಖಾಲಿಯನ್ನು 0 ಮಾಡುತ್ತದೆ.

ಇನ್ನೊಂದು: ಬಿಲ್ಡ್ ಮಾಡುವ ಸಾಧನವಾದ ವೀಟ್ ಟೈಪ್‌ಗಳನ್ನು ತೆಗೆದುಹಾಕುತ್ತದೆ, ಪರೀಕ್ಷಿಸುವುದಿಲ್ಲ. ಹಳೆಯ ಪ್ರಾಜೆಕ್ಟ್ ಬದಲಿಸಿದವರ ಬಿಲ್ಡ್ ಸ್ಕ್ರಿಪ್ಟ್‌ನಲ್ಲಿ ಸಾಮಾನ್ಯವಾಗಿ ‘ವೀಟ್ ಬಿಲ್ಡ್’ ಒಂದೇ ಇರುತ್ತದೆ. ಅದಕ್ಕಿಂತ ಮೊದಲು ಓಡುವಂತೆ ಟಿಎಸ್‌ಸಿಯನ್ನು (ಟೈಪ್‌ಸ್ಕ್ರಿಪ್ಟ್‌ನದೇ ಕಂಪೈಲರ್) ‘ನೋಎಮಿಟ್’ (ಫೈಲ್ ಬರೆಯದೆ ಪರೀಕ್ಷೆ ಮಾತ್ರ) ಆಯ್ಕೆಯೊಂದಿಗೆ ಸೇರಿಸಿ, ಟೈಪ್‌ಸ್ಕ್ರಿಪ್ಟ್ ಕಾನ್ಫಿಗ್‌ನಲ್ಲಿ ‘ಸ್ಟ್ರಿಕ್ಟ್’ (ಕಟ್ಟುನಿಟ್ಟಿನ ತಪಾಸಣೆ) ಅನ್ನು ಟ್ರೂ ಮಾಡಿ. ಆಗ ಯೂಸ್‌ಸ್ಟೇಟ್‌ಗೆ (ರಿಯಾಕ್ಟ್ ಪುಟ ಮೌಲ್ಯ ನೆನಪಿಟ್ಟುಕೊಳ್ಳುವ ಫಂಕ್ಷನ್) ಆರಂಭದಲ್ಲಿ ಬರೀ ನಲ್ ಕೊಟ್ಟಿದ್ದರೆ, ಆಮೇಲೆ ಅದರಲ್ಲಿ ಮಟ್ಟ ಇಡಲು ಹೋದ ಕಡೆ ಎರರ್ ಬರುತ್ತದೆ. ‘ಮಟ್ಟ ಅಥವಾ ನಲ್’ ಎಂದು ಯೂನಿಯನ್ ಟೈಪ್ ಕೊಡಿ. ಕಾಟ ತಾಳದೆ ‘ಇದು ನಲ್ ಅಲ್ಲ’ ಎನ್ನುವ ಆಶ್ಚರ್ಯಸೂಚಕ ಚಿಹ್ನೆ (!) ಹಾಕಿ ಬಾಯಿ ಮುಚ್ಚಿಸಿದರೆ, ಡೇಟಾ ಬರುವ ಮೊದಲೇ ರೆಂಡರ್ ಆಗಿ ಪುಟ ಬಿಳಿಚಿಕೊಳ್ಳುತ್ತದೆ.

ಎಚ್ಚರಿಕೆ ಮಟ್ಟವನ್ನು ಬಳಕೆದಾರರೇ ತುಂಬುವ ಇನ್‌ಪುಟ್ ಇದ್ದರೆ ಅಲ್ಲೂ ನೋಡಿ. ಇನ್‌ಪುಟ್ ನಂಬರ್ ಬಗೆಯದೇ ಆಗಿದ್ದರೂ ಅದರ ‘ವ್ಯಾಲ್ಯೂ’ ಸ್ಟ್ರಿಂಗೇ. ‘ವ್ಯಾಲ್ಯೂ ಆ್ಯಸ್ ನಂಬರ್’ ತೆಗೆದುಕೊಳ್ಳಿ, ಖಾಲಿ ಬಿಟ್ಟರೆ ಅದು 0 ಕೊಡದೆ ನ್ಯಾನ್ (‘ಸಂಖ್ಯೆಯಲ್ಲ’ ಎಂಬ ಗುರುತು) ಕೊಡುತ್ತದೆ.