4 ಜಿಬಿ ಲ್ಯಾಪ್‌ಟಾಪ್‌ನಲ್ಲಿ ಗ್ರಾಫಿಕ್ಸ್ ಡ್ರೈವರ್ ಡಿಸೇಬಲ್ ಮಾಡಿದರೆ ರ‍್ಯಾಮ್ ಉಳಿಯುತ್ತದೆಯೇ?

ದಯವಿಟ್ಟು ಡಿಸೇಬಲ್ ಮಾಡಬೇಡಿ. ಈಗಾಗಲೇ ಮಾಡಿದ್ದರೆ ಇದನ್ನು ಓದುವ ಮುಂಚೆ ವಾಪಸ್ ಎನೇಬಲ್ ಮಾಡಿ ಬನ್ನಿ.

4 ಜಿಬಿ ರ‍್ಯಾಮ್, ಎಎಂಡಿ ಚಿಪ್, ಟಾಸ್ಕ್ ಮ್ಯಾನೇಜರ್‌ನಲ್ಲಿ ಜಿಪಿಯು (ಗ್ರಾಫಿಕ್ಸ್ ಚಿಪ್) ಮೆಮೊರಿ 2.2 ಜಿಬಿ, ಅರ್ಧಕ್ಕಿಂತ ಜಾಸ್ತಿ ರ‍್ಯಾಮನ್ನು ಡ್ರೈವರೇ (ಆ ಚಿಪ್ ನಡೆಸುವ ಸಾಫ್ಟ್‌ವೇರ್) ನುಂಗುತ್ತಿದೆ ಅನ್ನೋ ಅನುಮಾನ, ಅದರ ಬಳಕೆ ಕಮ್ಮಿ ಮಾಡುವುದು ಹೇಗೆ ಅನ್ನೋ ಪ್ರಶ್ನೆ. ನೀವು ಬರೆದಿರುವುದು 2020ರ ಜುಲೈನಲ್ಲಿ ನಾನು ಇದ್ದ ಸ್ಥಿತಿಯೇ.

ಆಗ ನಾನು ಇಂಜಿನಿಯರಿಂಗ್ ಕೊನೆಯ ವರ್ಷ. ಲಾಕ್‌ಡೌನ್ ಅಂತ ತಿಪಟೂರು ಹತ್ತಿರದ ನಮ್ಮ ಹಳ್ಳಿಗೆ ಬಂದಿದ್ದೆ. ಲ್ಯಾಪ್‌ಟಾಪ್ ಹಿಂದಿನ ವರ್ಷ ಅಪ್ಪ ಕೊಬ್ಬರಿ ಮಾರಿದ ದುಡ್ಡಿನಲ್ಲಿ ಕೊಡಿಸಿದ್ದು. ಒಂದು ಕಂಪನಿಯ ಮೊದಲ ಸುತ್ತು ಪಾಸಾಗಿ, ಎರಡನೇ ಸುತ್ತು ವಿಡಿಯೋ ಕಾಲ್‌ನಲ್ಲಿ ಇತ್ತು. ಕ್ಯಾಮೆರಾ ಆನ್ ಇರಬೇಕು, ಸ್ಕ್ರೀನ್ ಶೇರ್ ಮಾಡಿ ಕೋಡ್ ಬರೆದು ತೋರಿಸಬೇಕು. ಹಿಂದಿನ ರಾತ್ರಿ ಲ್ಯಾಪ್‌ಟಾಪ್ ಎಳೆದಾಡುತ್ತಿತ್ತು. ಟಾಸ್ಕ್ ಮ್ಯಾನೇಜರ್ ತೆಗೆದೆ. ಜಿಪಿಯು ಪುಟದಲ್ಲಿ ಆ 2.2 ಕಂಡಿತು. ಹೊಟ್ಟೆ ಉರಿದುಹೋಯಿತು. ನಾನು ಗೇಮ್ ಆಡುವವನಲ್ಲ, ಗ್ರಾಫಿಕ್ಸ್‌ಗೆ ಇಷ್ಟೊಂದು ಯಾಕೆ ಅಂತ ಡಿವೈಸ್ ಮ್ಯಾನೇಜರ್‌ಗೆ ಹೋಗಿ, ಡಿಸ್‌ಪ್ಲೇ ಅಡಾಪ್ಟರ್ಸ್ ಕೆಳಗಿದ್ದ ಹೆಸರಿನ ಮೇಲೆ ರೈಟ್ ಕ್ಲಿಕ್ ಮಾಡಿ ಡಿಸೇಬಲ್ ಒತ್ತಿದೆ.

ಪರದೆ ಒಂದು ಸಲ ಕಪ್ಪಾಗಿ ವಾಪಸ್ ಬಂತು. ಟಾಸ್ಕ್ ಮ್ಯಾನೇಜರ್‌ನಲ್ಲಿ ಜಿಪಿಯು ಪುಟವೇ ಇರಲಿಲ್ಲ. ಸಮಸ್ಯೆ ಬಗೆಹರಿಯಿತು ಅಂದುಕೊಂಡು ಮಲಗಿದೆ. ಬಗೆಹರಿದಿರಲಿಲ್ಲ. ಅಂಕಿ ತೋರಿಸುವ ಪುಟ ಮಾತ್ರ ಮಾಯವಾಗಿತ್ತು.

ಬೆಳಿಗ್ಗೆ ಕಾಲ್ ಶುರುವಾದ ಎರಡು ನಿಮಿಷಕ್ಕೆ ಫ್ಯಾನ್ ಜೋರಾಗಿ ಕೂಗತೊಡಗಿತು. ಸ್ಕ್ರೀನ್ ಶೇರ್ ಒತ್ತಿದ ಮೇಲೆ ಮೌಸ್ ಕೂಡ ತಡೆದು ತಡೆದು ಚಲಿಸುತ್ತಿತ್ತು. ನಿಮ್ಮ ಮಾತು ತುಂಡು ತುಂಡಾಗಿ ಬರುತ್ತಿದೆ ಅಂದರು ಆ ಕಡೆಯಿಂದ. ಹಳ್ಳಿಯ ನೆಟ್ ಇರಬೇಕು ಅಂತ ಲ್ಯಾಪ್‌ಟಾಪ್ ಎತ್ತಿಕೊಂಡು ತಾರಸಿಗೆ ಓಡಿದೆ. ಮೊಬೈಲ್‌ನಲ್ಲಿ ಸಿಗ್ನಲ್ ಪೂರ್ತಿ ಇತ್ತು. ಆದರೂ ಅದೇ ಕಥೆ. ಅವರು ಸುಮಾರು ಹೊತ್ತು ತಾಳ್ಮೆಯಿಂದ ಕಾದರು, ಆಮೇಲೆ ನೋಡೋಣ ಅಂತ ಹೇಳಿ ಕಾಲ್ ಮುಗಿಸಿದರು. ಮತ್ತೆ ಕರೆ ಬರಲಿಲ್ಲ. ಏನಾಯ್ತಪ್ಪ ಅಂತ ಅಪ್ಪ ಕೇಳಿದಾಗ ನೆಟ್ ಕೈಕೊಡ್ತು ಅಂದೆ. ನಿಜವಾಗಿಯೂ ಹಾಗೇ ನಂಬಿದ್ದೆ.

ಒಂದು ವಾರ ಆದ ಮೇಲೆ ತಿಪಟೂರಿನ ಸರ್ವಿಸ್ ಅಂಗಡಿಗೆ ತೆಗೆದುಕೊಂಡು ಹೋದೆ. ಅಲ್ಲಿನ ಹುಡುಗ ಪರದೆಯ ಬೆಳಕು ಕಡಿಮೆ ಮಾಡಲು ನೋಡಿದ, ಆಗಲಿಲ್ಲ. 'ಅಣ್ಣ, ಬ್ರೈಟ್‌ನೆಸ್ ಬಾರೇ ಇಲ್ವಲ್ಲ, ಸ್ಲೀಪೂ ಬರ್ತಿಲ್ಲ. ಡಿಸ್‌ಪ್ಲೇ ಡ್ರೈವರ್ ಏನಾದ್ರೂ ತೆಗೆದ್ರಾ?' ಅಂದ. ಅವನೇ ಎನೇಬಲ್ ಮಾಡಿದ. ಒಂದು ನಿಮಿಷದ ಕೆಲಸ. ಆಮೇಲೆ ಯಾವ ವಿಡಿಯೋ ಹಾಕಿದರೂ ನೀರು ಹರಿದ ಹಾಗೆ ಓಡಿತು.

ನಾನು ಎಡವಿದ್ದು ಎಲ್ಲಿ ಅಂತ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನೀವೂ ಅದೇ ಜಾಗದಲ್ಲಿ ನಿಂತಿದ್ದೀರಿ.

ನಮ್ಮಂಥ ಲ್ಯಾಪ್‌ಟಾಪ್‌ಗಳಲ್ಲಿ ಗ್ರಾಫಿಕ್ಸ್‌ಗೆ ಅಂತ ಬೇರೆ ಮೆಮೊರಿ ಇರುವುದಿಲ್ಲ, ರ‍್ಯಾಮ್‌ನಲ್ಲೇ ಪಾಲು. ಆ 2.2ರಲ್ಲಿ ಎರಡು ಭಾಗ ಇದೆ. 0.5 ಜಿಬಿ ಡೆಡಿಕೇಟೆಡ್ (ಮೀಸಲು), 1.7 ಜಿಬಿ ಶೇರ್ಡ್ (ಹಂಚಿಕೆ). ಈ 1.7 ಯಾರೂ ತೆಗೆದುಕೊಂಡಿರುವ ಮೆಮೊರಿ ಅಲ್ಲ, ಅದು ಮಿತಿ. ವಿಂಡೋಸ್ ತನ್ನ ಕೈಗೆ ಸಿಕ್ಕ ರ‍್ಯಾಮ್‌ನಲ್ಲಿ ಅರ್ಧದವರೆಗೆ ಗ್ರಾಫಿಕ್ಸ್‌ಗೆ ಕೊಡಬಹುದು ಅನ್ನುತ್ತದೆ, ಅಷ್ಟೇ. ಸೊಸೈಟಿಯಲ್ಲಿ ನಿಮಗೆ ಐವತ್ತು ಸಾವಿರದ ತನಕ ಸಾಲ ಸಿಗುತ್ತದೆ ಅಂದರೆ ನಿಮ್ಮ ತಲೆ ಮೇಲೆ ಐವತ್ತು ಸಾವಿರ ಸಾಲ ಇದೆ ಅಂತ ಅರ್ಥ ಅಲ್ಲ, ಅಲ್ವಾ? ನಿಜವಾದ ಬಳಕೆ ಜಿಪಿಯು ಪುಟದಲ್ಲಿ ಓರೆ ಗೆರೆಯ (/) ಎಡಗಡೆ ಇರುವ ಅಂಕಿ. ನನ್ನದರಲ್ಲಿ ಅದು 0.3 ಇತ್ತು. ನಾನು ಬಲಗಡೆಯ ಅಂಕಿ ನೋಡಿ ಹೆದರಿದ್ದೆ.

ಇನ್ನು ಆ 0.5. ಇದು ನಿಜಕ್ಕೂ ಹೋಗಿರುವ ರ‍್ಯಾಮ್. ಆದರೆ ತೆಗೆದುಕೊಂಡಿರುವುದು ಡ್ರೈವರ್ ಅಲ್ಲ, ಬಯೋಸ್, ಅಂದರೆ ಲ್ಯಾಪ್‌ಟಾಪ್ ಆನ್ ಮಾಡಿದ ಕೂಡಲೇ ಮೊದಲು ಓಡುವ ಸಾಫ್ಟ್‌ವೇರ್. ವಿಂಡೋಸ್ ಏಳುವ ಮುಂಚೆಯೇ ಅದು 512 ಎಂಬಿ ಎತ್ತಿಟ್ಟುಬಿಡುತ್ತದೆ. ಡ್ರೈವರ್ ಡಿಸೇಬಲ್ ಮಾಡಿದರೂ, ಕಿತ್ತೇ ಹಾಕಿದರೂ ಅದರಲ್ಲಿ ಒಂದು ಎಂಬಿ ವಾಪಸ್ ಬರುವುದಿಲ್ಲ. ಟಾಸ್ಕ್ ಮ್ಯಾನೇಜರ್‌ನ ಮೆಮೊರಿ ಪುಟದ ಕೆಳಗೆ 'ಹಾರ್ಡ್‌ವೇರ್ ರಿಸರ್ವ್ಡ್' ಅಂತ ಒಂದು ಸಾಲಿದೆ, ಅಲ್ಲಿ ನೋಡಿ.

ಡ್ರೈವರ್ ಹೋದರೆ ಕೆಲಸ ಕಮ್ಮಿ ಆಗುವುದಿಲ್ಲ, ಬೇರೆಯವರ ಮೇಲೆ ಬೀಳುತ್ತದೆ. ಇದು ಅವತ್ತು ನನಗೆ ಹೊಳೆಯಲೇ ಇಲ್ಲ. ವಿಂಡೋಸ್ ಮೈಕ್ರೋಸಾಫ್ಟ್ ಬೇಸಿಕ್ ಡಿಸ್‌ಪ್ಲೇ ಅಡಾಪ್ಟರ್ ಅನ್ನುವ ಸರಳ ಡ್ರೈವರ್‌ಗೆ ಇಳಿಯುತ್ತದೆ. ಅದಕ್ಕೆ ಪರದೆಗೆ ಚಿತ್ರ ಕಳಿಸುವುದು ಬಿಟ್ಟರೆ ಬೇರೇನೂ ಬರುವುದಿಲ್ಲ. ವಿಡಿಯೋ ಬಿಚ್ಚುವುದು, ಕಿಟಕಿಗಳನ್ನು ಒಂದರ ಮೇಲೊಂದು ಜೋಡಿಸಿ ಬಿಡಿಸುವುದು, ಎಲ್ಲವನ್ನೂ ಸಿಪಿಯು (ಮುಖ್ಯ ಪ್ರೊಸೆಸರ್) ಮಾಡಬೇಕು. ಅದಕ್ಕೆ ಬೇಕಾದ ಜಾಗವೂ ಅದೇ ರ‍್ಯಾಮ್‌ನಿಂದಲೇ. 1366×768ರ ಒಂದು ಪರದೆ ಚಿತ್ರಕ್ಕೆ ಸುಮಾರು 4 ಎಂಬಿ ಸಾಕು. ಉಳಿದದ್ದು ಬ್ರೌಸರ್ ಮತ್ತು ತೆರೆದಿಟ್ಟ ಆ್ಯಪ್‌ಗಳು ಕೇಳುವ ಜಾಗ. ನೀವು ಏನನ್ನು ತೆರೆದಿದ್ದೀರಿ ಅನ್ನುವುದು ಬದಲಾಗದೆ ಆ ಲೆಕ್ಕ ಬದಲಾಗುವುದಿಲ್ಲ.

ಹಾಗಾಗಿ ಡ್ರೈವರ್ ಬಳಕೆ ಕಮ್ಮಿ ಮಾಡುವುದು ಹೇಗೆ ಅನ್ನುವ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಬ್ರೌಸರ್‌ನಿಂದ ಶುರುಮಾಡಿ. ಕ್ರೋಮ್‌ನಲ್ಲಿ ಶಿಫ್ಟ್ ಮತ್ತು ಎಸ್ಕೇಪ್ ಒಟ್ಟಿಗೆ ಒತ್ತಿದರೆ ಅದರದ್ದೇ ಟಾಸ್ಕ್ ಮ್ಯಾನೇಜರ್ ಬರುತ್ತದೆ. 'ಜಿಪಿಯು ಪ್ರೋಸೆಸ್' ಅಂತ ಒಂದು ಸಾಲು ಇರುತ್ತದೆ. ಇಪ್ಪತ್ತು ಟ್ಯಾಬ್ ಮುಚ್ಚಿ ಮತ್ತೆ ಅದನ್ನು ನೋಡಿ. ಬಳಸದ ಟ್ಯಾಬ್‌ಗಳ ಮೆಮೊರಿ ಬಿಡಿಸುವ ಮೆಮೊರಿ ಸೇವರ್ ಆನ್ ಇಡಿ. ಹಾರ್ಡ್‌ವೇರ್ ಆ್ಯಕ್ಸಿಲರೇಷನ್ (ಬ್ರೌಸರ್ ತನ್ನ ಚಿತ್ರ, ವಿಡಿಯೋ ಕೆಲಸವನ್ನು ಜಿಪಿಯುಗೆ ಕೊಡುವ ಆಯ್ಕೆ) ಆಫ್ ಮಾಡಿ ಅಂತ ಎಷ್ಟೋ ಜನ ಹೇಳುತ್ತಾರೆ. ಚಿತ್ರ ಒಡೆಯುವುದು, ಮಿನುಗುವುದು ಇದ್ದರೆ ಸರಿ. ರ‍್ಯಾಮ್ ಉಳಿಸಲು ಮಾತ್ರ ಬೇಡ. ಅದು ನಾನು ಮಾಡಿದ ತಪ್ಪನ್ನೇ ಬ್ರೌಸರ್ ಒಳಗೆ ಮಾಡಿದ ಹಾಗೆ.

ಡ್ರೈವರ್ ಜೊತೆ ಬರುವ ಕಂಟ್ರೋಲ್ ಸಾಫ್ಟ್‌ವೇರ್ ಬೇರೆ ವಿಷಯ. ಗೇಮ್ ಓವರ್‌ಲೇ, ರೆಕಾರ್ಡಿಂಗ್ ಎಲ್ಲ ನಿಮಗೆ ಬೇಡ, ಆಫ್ ಮಾಡಿ. ಎಎಂಡಿಯ ಈಗಿನ ಇನ್‌ಸ್ಟಾಲರ್‌ನಲ್ಲಿ 'ಡ್ರೈವರ್ ಓನ್ಲಿ' ಅನ್ನುವ ಆಯ್ಕೆಯೇ ಇದೆ, ಅದನ್ನು ಆರಿಸಿದರೆ ಡ್ರೈವರ್ ಮಾತ್ರ ಕೂರುತ್ತದೆ. ಇದು ಧೈರ್ಯವಾಗಿ ಮಾಡಬಹುದಾದ ಕೆಲಸ.

ಬಯೋಸ್‌ನಲ್ಲಿ 'ಯುಎಂಎ ಫ್ರೇಮ್ ಬಫರ್ ಸೈಜ್' (ಗ್ರಾಫಿಕ್ಸ್‌ಗೆ ಎತ್ತಿಡುವ ಮೆಮೊರಿಯ ಅಳತೆ) ಇದ್ದರೆ 512 ಎಂಬಿಯಿಂದ 256 ಎಂಬಿಗೆ ಇಳಿಸಿ ನೋಡಿ. ಇಂಟೆಲ್ ಲ್ಯಾಪ್‌ಟಾಪ್ ಇರುವವರಿಗೆ ಇದೇ ಜಾಗದಲ್ಲಿ 'ಡಿವಿಎಂಟಿ ಪ್ರೀ ಅಲೊಕೇಟೆಡ್' ಅಂತ ಸಿಗುತ್ತದೆ. ಅಗ್ಗದ ಲ್ಯಾಪ್‌ಟಾಪ್‌ಗಳಲ್ಲಿ ಈ ಆಯ್ಕೆಯನ್ನು ಎಷ್ಟೋ ಸಲ ಮರೆಮಾಡಿರುತ್ತಾರೆ, ನನ್ನದರಲ್ಲೂ ಇರಲಿಲ್ಲ. ಅದಕ್ಕೋಸ್ಕರ ಯಾರೋ ತಿದ್ದಿದ ಬಯೋಸ್ ಹಾಕಲು ಹೋಗಬೇಡಿ. ಸ್ವಲ್ಪ ಹೆಚ್ಚುಕಮ್ಮಿಯಾದರೆ ಲ್ಯಾಪ್‌ಟಾಪ್ ಆನೇ ಆಗುವುದಿಲ್ಲ.

ಕೊನೆಗೆ ನನ್ನದನ್ನು ಸರಿಮಾಡಿದ್ದು ಇನ್ನೊಂದು 4 ಜಿಬಿ ರ‍್ಯಾಮ್. ಅದೇ ಅಂಗಡಿಯ ಹುಡುಗ ಹಿಂದಿನ ಮುಚ್ಚಳ ಬಿಚ್ಚಿ ಖಾಲಿ ಸ್ಲಾಟ್ ತೋರಿಸಿದ. ಆಗ 1,600 ರೂಪಾಯಿ ಕೊಟ್ಟ ನೆನಪು. ಈಗಿನ ರೇಟು ಕೇಳಿ ನೋಡಿ, ಹಳೆಯ ಲ್ಯಾಪ್‌ಟಾಪ್‌ನಿಂದ ತೆಗೆದದ್ದು ಸಿಗುತ್ತದಾ ಅಂತ ವಿಚಾರಿಸಿ. ಗ್ರಾಫಿಕ್ಸ್ ಕೆಲಸಕ್ಕೆ ರ‍್ಯಾಮನ್ನೇ ನೆಚ್ಚಿಕೊಂಡಿರುವ ಇಂಥ ಚಿಪ್‌ಗಳಿಗೆ ಎರಡು ಸ್ಲಾಟ್‌ನಲ್ಲೂ ರ‍್ಯಾಮ್ ಇದ್ದರೆ ಸಾಮಾನ್ಯವಾಗಿ ಓದುವ ಬರೆಯುವ ದಾರಿಯೂ ಎರಡಾಗುತ್ತದೆ, ಹಾಗಾಗಿ ಗ್ರಾಫಿಕ್ಸ್ ಕೂಡ ಚುರುಕಾಗುತ್ತದೆ. ಅದೇ ಲ್ಯಾಪ್‌ಟಾಪ್‌ನಲ್ಲಿ ಆ ನವೆಂಬರ್‌ನಲ್ಲಿ ಇನ್ನೊಂದು ಕಂಪನಿಯ ಇಂಟರ್‌ವ್ಯೂ ಕೊಟ್ಟೆ, ಕೆಲಸ ಸಿಕ್ಕಿತು. ನೆಟ್ ಅಲ್ಲ, ನಾನೇ ಕೆಡಿಸಿಕೊಂಡಿದ್ದು ಅಂತ ಅಪ್ಪನಿಗೆ ಹೇಳಿದ್ದು ಅವತ್ತೇ.

ನಿಮ್ಮ ಮೆಮೊರಿ ಪುಟದಲ್ಲಿ 'ಸ್ಲಾಟ್ಸ್ ಯೂಸ್ಡ್' ಅನ್ನುವ ಸಾಲು ನೋಡಿ. ಅದನ್ನೂ, ಹಾರ್ಡ್‌ವೇರ್ ರಿಸರ್ವ್ಡ್ ಎಷ್ಟಿದೆ ಅನ್ನುವುದನ್ನೂ, ಲ್ಯಾಪ್‌ಟಾಪ್ ಮಾಡೆಲ್ ನಂಬರನ್ನೂ ಕೆಳಗೆ ಬರೆಯಿರಿ. ಯಾವ ರ‍್ಯಾಮ್ ಹೊಂದುತ್ತದೆ ಅಂತ ನೋಡಿ ಹೇಳುತ್ತೇನೆ.